ಮುದ್ರೆ ಒಡೆಯದ ಚೀಲ

ನಾರಾಯಣಪೇಟೆಯ ಚನ್ನವೀರಮ್ಮನವರು ಇಪ್ಪತ್ತಾರು ವರ್ಷಗಳ ಸೀರೆಯ ವ್ಯಾಪಾರದಲ್ಲಿ ಧ್ವನಿಯೆತ್ತಿ ಮಾತನಾಡಿದ್ದು ಎರಡೇ ಬಾರಿ. ಮೊದಲನೆಯದು, ಒಗೆದರೆ ಬಿಟ್ಟುಹೋಗುವ ಬಣ್ಣವನ್ನು ಗಟ್ಟಿ ಬಣ್ಣವೆಂದು ಮಾರಿಹೋದ ವರ್ತಕನೊಬ್ಬನ ಮೇಲೆ. ಎರಡನೆಯದು, ಕಳೆದ ವೈಶಾಖದಲ್ಲಿ, ಗದ್ವಾಲದ ಕಚೇರಿಯೊಂದರಲ್ಲಿದ್ದ ಗಣಕಯಂತ್ರದ ಮೇಲೆ. ವರ್ತಕನು ತಪ್ಪೊಪ್ಪಿಕೊಂಡು ಕೈಮುಗಿದು ಹೋದನು. ಯಂತ್ರವು ಏನನ್ನೂ ಹೇಳಲಿಲ್ಲ. ಅವರನ್ನು ಹೆಚ್ಚು ಕೆರಳಿಸಿದ್ದು ಅದರ ಆ ಮೌನವೇ.

ಅವರಿಗೀಗ ಅರವತ್ತೊಂದು ವರ್ಷ. ಬೆಳಗಿನ ಲಿಂಗಪೂಜೆಯನ್ನು ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಅಂಗಡಿಯ ಬಾಗಿಲು ತೆರೆಯುತ್ತಾರೆ. ಗಂಡ ಲಿಂಗೈಕ್ಯರಾದ ಮೇಲೆ ಅಂಗಡಿಯನ್ನು ನಡೆಸಿದ್ದು ಅವರೊಬ್ಬರೇ. ಆ ಮನೆಗೆ ಎರಡು ದಸ್ತೂರುಗಳಿದ್ದವು. ಎರಡನ್ನೂ ಅವರು ನಿತ್ಯಪೂಜೆಯಷ್ಟೇ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದರು.

ಮೊದಲ ದಸ್ತೂರು ಮಾವನವರು ಹಾಕಿಕೊಟ್ಟದ್ದು. ನಾರಾಯಣಪೇಟೆಯ ಮಗ್ಗದಲ್ಲಿ ಒಂದು ಹಾಸನ್ನು, ಅಂದರೆ ಉದ್ದದ ನೂಲನ್ನು, ಒಮ್ಮೆ ಏರಿಸಿದರೆ ಎಂಟು ಸೀರೆಗಳು ಇಳಿಯುತ್ತವೆ. ಹಾಸಿನ ನೂಲಿಗೆ ಬಣ್ಣ ಹಿಡಿದ ಮೇಲೆ ಮನಸ್ಸು ಬದಲಿಸುವಂತಿಲ್ಲ. ಆದುದರಿಂದ ಮೊದಲು ಬಣ್ಣದ ಎಳೆಯೊಂದನ್ನು ಮಾದರಿಯಾಗಿ ಗಿರಾಕಿಗೆ ಕಳುಹಿಸಿ, ಅವರು 'ಹೂಂ' ಎಂದ ಮೇಲೆಯೇ ನೂಲನ್ನು ಬಣ್ಣಕ್ಕೆ ಅದ್ದಬೇಕು. ಆ ಹೂಂ ಬರುವವರೆಗೆ ಮಾರುವವರು ಕೊಳ್ಳುವವರ ಹೊಸ್ತಿಲನ್ನು ತುಳಿಯಬಾರದು. ಒಮ್ಮೆ ಮಾವನವರು ಅವಸರಪಟ್ಟು ಗಿರಾಕಿಯೊಬ್ಬರ ಮನೆಗೆ ಹೋಗಿ ಕುಳಿತರಂತೆ. ಆ ಮನೆಯವರು ದಾಕ್ಷಿಣ್ಯಕ್ಕೆ ಒಪ್ಪಿಕೊಂಡರಂತೆ. ನೇಯ್ದ ಎಂಟು ಸೀರೆಗಳಲ್ಲಿ ಒಂದನ್ನೂ ಆ ಮನೆಯ ಹೆಣ್ಣುಮಕ್ಕಳು ಉಡಲಿಲ್ಲವಂತೆ. ಪೆಟ್ಟಿಗೆಯಲ್ಲಿ ಮಡಿಸಿಟ್ಟಂತೆಯೇ ಕೊಳೆಯುವ ಸೀರೆಯು ನೇಯ್ದವನ ಕೈಗೆ ಮಾಡಿದ ಅವಮಾನವೆಂಬುದು ಅವರ ತೀರ್ಮಾನ.

ಎರಡನೆಯ ದಸ್ತೂರು ಗಂಡನದು. ಒಮ್ಮೆಯಾದರೂ ಸೀರೆ ಕೊಂಡವರಿಗೆ ಯುಗಾದಿ, ಶ್ರಾವಣ, ದೀಪಾವಳಿಗಳಲ್ಲಿ ನಾಲ್ಕು ಮೂಲೆಗೂ ಅರಿಶಿಣ ಹಚ್ಚಿದ ಶುಭಪತ್ರವೊಂದು ಹೋಗಲೇಬೇಕು. ಅದರಲ್ಲಿ ವ್ಯಾಪಾರದ ಮಾತೊಂದೂ ಇರಕೂಡದು. ಮಹಾಲಕ್ಷ್ಮಿಯು ತಮ್ಮ ಮನೆಗೆ ನಡೆದು ಬರಲಿ ಎಂಬ ಹಾರೈಕೆಯೊಂದೇ ಇರಬೇಕು.

ಅಂಚೆಯ ಕಾಗದಗಳಿಗೆ ಉತ್ತರ ಬರುವುದು ನಿಂತು, ಗಿರಾಕಿಗಳೆಲ್ಲ ಮಿಂಚಂಚೆಯ ವಿಳಾಸವನ್ನೇ ಕೊಡತೊಡಗಿದಾಗ, ಚನ್ನವೀರಮ್ಮನವರು ಆ ಕೆಲಸಕ್ಕೆ ಶ್ರೀನಿವಾಸುಲು ಅವರನ್ನು ನೇಮಿಸಿಕೊಂಡರು. ಮೂವತ್ತೆಂಟು ವರ್ಷ ಅಂಚೆ ಇಲಾಖೆಯಲ್ಲಿ ದುಡಿದು, ಪೋಸ್ಟ್ ಮಾಸ್ತರರಾಗಿ ನಿವೃತ್ತರಾದ ಅವರ ಮನೆ ಮಕ್ತಲ್‌ನಲ್ಲಿ. ಸೋಮವಾರ ಮತ್ತು ಶುಕ್ರವಾರ ಬಸ್ಸಿನಲ್ಲಿ ನಾರಾಯಣಪೇಟೆಗೆ ಬಂದು, ಕನ್ನಡಕವನ್ನು ಒರೆಸಿಕೊಂಡು, ಹಳೆಯ ಕಚೇರಿಯ ಗಾಂಭೀರ್ಯದಿಂದಲೇ ಗಣಕಯಂತ್ರದ ಮುಂದೆ ಕೂರುತ್ತಿದ್ದರು. ಮುನ್ನೂರ ನಲವತ್ತು ಗಿರಾಕಿಗಳಿಗೆ ಶುಭಪತ್ರವನ್ನು ಒಂದೇ ಗಳಿಗೆಯಲ್ಲಿ ಕಳುಹಿಸುವ ವಿದ್ಯೆಯನ್ನು ಕಂಡುಕೊಂಡವರೂ ಅವರೇ. ಅರಿಶಿಣದ ಮೂಲೆಗಳ ಚಿತ್ರವೊಂದನ್ನು ಅದಕ್ಕೆ ಲಗತ್ತಿಸಿದ್ದರು. ಲಕೋಟೆಗಳಿಗೆ ಒಂದೊಂದಾಗಿ ಮುದ್ರೆ ಒತ್ತಿದ ಅವರ ಕೈಗಳಿಗೆ ಅದು ಪವಾಡದಂತೆ ಕಂಡಿತ್ತು.

ಯುಗಾದಿಯ ಶುಭಪತ್ರ ಹೋದ ಹದಿನೈದು ದಿನಕ್ಕೆ ರಾಯಚೂರಿನ ಮಹಿಳಾ ಕಾಲೇಜೊಂದರಿಂದ ಅಂಚೆಯಲ್ಲಿಯೇ ಒಂದು ಕಾಗದ ಬಂದಿತು. ಕಾರ್ತಿಕದಲ್ಲಿ ಕಾಲೇಜಿಗೆ ಐವತ್ತು ವರ್ಷ ತುಂಬುತ್ತದೆ; ಅಧ್ಯಾಪಿಕೆಯರೆಲ್ಲರೂ ಉಡಲು ಬಿಲ್ವಪತ್ರೆಯ ಹಸಿರು ಒಡಲಿನ, ಕುಂಕುಮದ ಬಣ್ಣದ ರುದ್ರಾಕ್ಷಿ ಅಂಚಿನ ನಲವತ್ತೆಂಟು ಸೀರೆಗಳು ಬೇಕು; ಮಾದರಿಯನ್ನು ಕಳುಹಿಸಿರಿ; ಮುಂದಿನ ಪತ್ರವ್ಯವಹಾರವೆಲ್ಲವೂ ಮಿಂಚಂಚೆಯಲ್ಲಿಯೇ ನಡೆಯತಕ್ಕದ್ದು. ಕೆಳಗೆ ಪ್ರಾಂಶುಪಾಲೆ ಶಿವಗಂಗಾ ಅವರ ಸಹಿ ಇತ್ತು. ಎರಡು ವರ್ಷದ ಹಿಂದೆ ಅವರೇ ಅಂಗಡಿಗೆ ಬಂದು ಸೀರೆಯೊಂದನ್ನು ಕೊಂಡಿದ್ದರು.

ನಲವತ್ತೆಂಟು ಸೀರೆಯೆಂದರೆ ಆರು ಹಾಸು. ಆರು ಹಾಸೆಂದರೆ ಕಿಷ್ಟಪ್ಪನ ಮನೆಯ ಎರಡು ಮಗ್ಗಗಳಿಗೂ ದೀಪಾವಳಿಯವರೆಗೆ ಬಿಡುವಿಲ್ಲದ ಕೆಲಸ. ಒಂದರಲ್ಲಿ ಅವನು ನೇಯುತ್ತಿದ್ದನು, ಇನ್ನೊಂದರಲ್ಲಿ ಅವನ ಹೆಂಡತಿ ಜಮ್ಮುಲಮ್ಮ. ಅವಳ ತವರು ಗದ್ವಾಲ. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವ ಅಲ್ಲಿನ ಕೈಚಳಕವನ್ನು ಅವಳು ಮದುವೆಯ ಉಡುಗೊರೆಯಂತೆ ಗಂಡನ ಮನೆಗೆ ತಂದಿದ್ದಳು. ಆದರೆ ಆ ಬೇಸಿಗೆಯಲ್ಲಿ ಎರಡೂ ಮಗ್ಗಗಳು ಬರಿದಾಗಿದ್ದವು. ಪುಣೆಯಲ್ಲಿ ಕಟ್ಟಡ ಕೆಲಸಕ್ಕೆ ಜನರನ್ನು ಕರೆದೊಯ್ಯುವ ಗುತ್ತೇದಾರ ಸುರೇಂದರ್ ಎರಡು ಸಲ ಬಂದು ಹೋಗಿದ್ದನು. ಒಮ್ಮೆ ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಏರಿಸಿ ಊರು ಬಿಟ್ಟ ನೇಕಾರರು ಮರಳಿ ಬಂದು ಅದನ್ನು ಇಳಿಸಿದ್ದನ್ನು ಚನ್ನವೀರಮ್ಮನವರು ಕಂಡಿರಲಿಲ್ಲ. ಅದಕ್ಕಾಗಿಯೇ ಅವರು ಕಿಷ್ಟಪ್ಪನಿಗೆ ಮಾತು ಕೊಟ್ಟರು: ರಾಯಚೂರಿನ ಹೂಂ ಬರುತ್ತದೆ, ಮಗ್ಗವನ್ನು ಬಿಚ್ಚಬೇಡ.

ಮಾದರಿಯ ಎಳೆ ಅಂಚೆಯಲ್ಲಿ ಹೋಯಿತು. ಅದು ಹೋದುದನ್ನು ತಿಳಿಸುವ ಮಿಂಚಂಚೆಯೂ ಹೋಯಿತು. ಉತ್ತರ ಬರಲಿಲ್ಲ. ಒಂದರ ಹಿಂದೆ ಒಂದರಂತೆ ಇನ್ನೂ ನಾಲ್ಕು ಮಿಂಚಂಚೆಗಳು ಹೋದವು. ಕಾಲೇಜಿಗೆ ಬೇಸಿಗೆಯ ರಜೆ. ಕಾಗದದಲ್ಲಿದ್ದ ದೂರವಾಣಿಯು ಬೀಗ ಹಾಕಿದ ಕೋಣೆಯೊಳಗೆ ಗಂಟೆ ಬಾರಿಸಿ ಬಾರಿಸಿ ಸುಮ್ಮನಾಗುತ್ತಿತ್ತು. ರಾಯಚೂರು ಬಸ್ಸಿನಲ್ಲಿ ಎರಡು ಮೂರು ಗಂಟೆಯ ದಾರಿ. ಆದರೆ ಹೂಂ ಬರುವ ಮೊದಲು ಹೊಸ್ತಿಲು ತುಳಿಯುವಂತಿರಲಿಲ್ಲ.

"ಅಕ್ಕಾರ, ಮಗ್ಗ ಖಾಲಿ ಕುಂತು ಇಪ್ಪತ್ತು ದಿನ ಆತು," ಎಂದನು ಕಿಷ್ಟಪ್ಪ ಒಂದು ಸಂಜೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು. "ಮಗ್ಗದಾಗ ಕಾಲು ಬಿಡೋ ಕುಣ್ಯಾಗ ಇಲಿ ಮರಿ ಹಾಕಿದ್ರೂ ಹಾಕಿರಬೇಕು."

"ಸೋಮವಾರದ ತನಕ ತಡಿಯಪ್ಪ. ಬರತೈತಿ."

"ಹೋದ ಸಲಾನೂ ಸೋಮವಾರನ ಅಂದಿದ್ರಿ."

"ಅದು ಹೋದ ಸೋಮವಾರ."

"ಸೋಮವಾರಕ್ಕೇನು ಬರ ಐತೇನ್ರಿ? ವಾರಕ್ಕೊಂದು ಬರತೈತಿ. ಹೂಂ ಒಂದ ಬರವಲ್ದು."

ಸೋಮವಾರ ಬಂದಿತು. ಶ್ರೀನಿವಾಸುಲು ಅವರು ಯಂತ್ರದ ಮುಂದೆ ಕುಳಿತು, ಬಂದ ಪತ್ರಗಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಎರಡು ಸಲ ನೋಡಿ, ಕನ್ನಡಕವನ್ನು ತೆಗೆದರು.

"ನಮ್ಮ ಚೀಲದಾಗ ಏನೂ ಇಲ್ರಿ, ಅಕ್ಕಾರ."

"ಸರಿಯಾಗಿ ನೋಡ್ರಿ, ಮಾಸ್ತರ."

"ಕಾಗದ ನೋಡೋದು ನನಗ ಕಲಸ್ತೀರೇನ್ರಿ? ಮನಿ ಹೆಸರಿಲ್ಲದ, ಓಣಿ ಹೆಸರಿಲ್ಲದ, ಬರೇ 'ಬೇವಿನ ಗಿಡದ ಹತ್ತಿರದ ಆಶಪ್ಪಗ' ಅಂತ ಬರದ ಕಾಗದ ಸುದ್ದಾ ಮುಟ್ಟಿಸೀನಿ. ಆಗ ಮಕ್ತಲ್‌ದಾಗ ಬೇವಿನ ಗಿಡ ಎಷ್ಟಿದ್ದುವು ಗೊತ್ತೈತೇನು?"

"ಹಂಗಾರ ರಾಯಚೂರಿನೋರು ಯಾಕ ಬರಿವಲ್ರು?"

"ಮನಸಿಲ್ಲ, ಬರಿವಲ್ರು. ಓದಿದ ಮಂದಿ. ಬ್ಯಾಡ ಅನ್ನಾಕೂ ಅವರಿಗೆ ಪುರಸೊತ್ತಿಲ್ಲ."

 ಅಂದು ಸಂಜೆ ಚನ್ನವೀರಮ್ಮನವರು ಕಿಷ್ಟಪ್ಪನ ಮನೆಗೆ ತಾವೇ ಹೋಗಿ, ಕೊಟ್ಟ ಮಾತು ನಡೆಯಲಿಲ್ಲವೆಂದು ಹೇಳಿದರು. ಅವನು ಕೋಪಿಸಿಕೊಳ್ಳಲಿಲ್ಲ, ಬುಧವಾರ ಸಂಜೆ ಕೃಷ್ಣಾ ಸ್ಟೇಷನ್ನಿನಿಂದ ಪುಣೆಗೆ ಹೋಗುವ ರೈಲುಗಾಡಿ ಇದೆಯೆಂದು ಮಾತ್ರ ಹೇಳಿದನು. ಜಮ್ಮುಲಮ್ಮ ಒಳಗಿನಿಂದ ನೀರು ತಂದು ಕೊಟ್ಟಳು. ಗೋಡೆಯ ಬದಿಗೆ ಗಂಟುಗಳನ್ನು ಆಗಲೇ ಕಟ್ಟಿ ಇಡಲಾಗಿತ್ತು.

ಬೇರೆಯವರಾಗಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಚನ್ನವೀರಮ್ಮನವರಿಗೆ ಆ ರಾತ್ರಿಯೆಲ್ಲ ಒಂದೇ ಪ್ರಶ್ನೆ: ಅಂಗಡಿಗೆ ಬಂದು, ಚಹಾ ಕುಡಿದು, ಅಂಚಿನ ಒಂದೊಂದು ರುದ್ರಾಕ್ಷಿಯನ್ನೂ ಬೆರಳಿನಿಂದ ಮುಟ್ಟಿ ನೋಡಿದ ಹೆಣ್ಣುಮಗಳು ಬೇಡವೆಂದಾದರೂ ಬರೆಯದೆ ಇರಬಲ್ಲಳೇ? ಬುಧವಾರ ಬೆಳಿಗ್ಗೆ ಮಕ್ತಲ್‌ನಲ್ಲಿ ಶ್ರೀನಿವಾಸುಲು ಅವರನ್ನೂ ಬಸ್ಸಿಗೆ ಹತ್ತಿಸಿಕೊಂಡು, ಜೂರಾಲದ ಆಣೆಕಟ್ಟನ್ನು ದಾಟಿ, ಗದ್ವಾಲಕ್ಕೆ ಹೊರಟರು. ಅಲ್ಲಿನ ಸೀರೆ ಅಂಗಡಿಗಳ ಗಣಕಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಕಲ್ಯಾಣ್ ಎಂಬವನ ಕಚೇರಿ ಬಸ್ ನಿಲ್ದಾಣದ ಎದುರಿಗೇ ಇದೆ. ನಲವತ್ತು ದಾಟಿದ ಮನುಷ್ಯ. ತೆಲುಗು ಮಾತೃಭಾಷೆಯಾದರೂ ರಾಯಚೂರಿನ ಗಿರಾಕಿಗಳಿಂದ ಕನ್ನಡ ಕಲಿತವನು.

"ಕೂರ್ಚೋಂಡಿ ಅಮ್ಮಾ," ಎಂದು ಕುರ್ಚಿ ಸರಿಸಿ ಕೊಟ್ಟು, ಅವರ ಮಿಂಚಂಚೆಯನ್ನು ತೆರೆದು, ಎರಡು ನಿಮಿಷ ನೋಡಿ ತಿರುಗಿದನು. "ಮಾಸ್ತರ್ ಗಾರು, ಈ ಸ್ಪ್ಯಾಮ್ ನೀವು ನೋಡೇ ಇಲ್ಲೇನ್ರಿ?"

"ನೋಡೀನಿ," ಎಂದರು ಶ್ರೀನಿವಾಸುಲು ಶಾಂತವಾಗಿ. "ಅದು ನಮ್ಮದಲ್ಲ."

"ನಿಮ್ಮದಲ್ಲಂದ್ರ ಯಾರದು?"

"ಯಾವುದೋ ಬ್ಯಾರೆ ಆಫೀಸಿನ ಚೀಲ. ತಪ್ಪಿ ನಮ್ಮ ಕಡೆ ಬಂದು ಬಿದ್ದೈತಿ. ಹೆಸರು ಬ್ಯಾರೆ ಐತಲ್ಲ. ಮುಂದ ಕಳಸೋರು ಕಳಸ್ತಾರಂತ ಮುಟ್ಟಿಲ್ಲ. ಮೂವತ್ತೆಂಟು ವರ್ಷದಾಗ ಬ್ಯಾರೆ ಆಫೀಸಿನ ಚೀಲದ ಮುದ್ರಿ ಒಡದಾಂವ ಅಲ್ಲ ನಾನು."

ಕಲ್ಯಾಣ್ ಒಂದು ಗಳಿಗೆ ಅವರ ಮುಖವನ್ನೇ ನೋಡಿದನು. ನಗಬೇಕೋ ಬೇಡವೋ ತಿಳಿಯದೆ ಯಂತ್ರದ ಕಡೆಗೆ ತಿರುಗಿ, ಆ ಚೀಲವನ್ನು ಬಿಚ್ಚಿದನು. ಬೋಳುತಲೆಗೆ ಕೂದಲು ಬರಿಸುವ ಎಣ್ಣೆ, ಕಾಣದ ದೇಶದ ಬಹುಮಾನ, ಇವುಗಳ ನಡುವೆ ಶಿವಗಂಗಾ ಅವರ ಮೂರು ಪತ್ರಗಳು ಇದ್ದವು. ಮೊದಲನೆಯದಕ್ಕೆ ಹದಿನೆಂಟು ದಿನವಾಗಿತ್ತು: ಎಳೆ ಮುಟ್ಟಿತು, ಬಣ್ಣ ಒಪ್ಪಿಗೆಯಾಯಿತು, ಕೆಲಸ ಆರಂಭಿಸಿರಿ. ಎರಡನೆಯದು: ತಾವು ಉತ್ತರಿಸಲಿಲ್ಲ, ಆರಂಭವಾಯಿತೇ? ಮೂರನೆಯದು ಭಾನುವಾರದ್ದು: ತಮಗೆ ಮನಸ್ಸಿಲ್ಲವೆಂದು ತೋರುತ್ತದೆ, ಬುಧವಾರದೊಳಗೆ ತಿಳಿಸದಿದ್ದರೆ ಬೇರೆಯವರಿಗೆ ವಹಿಸಲಾಗುವುದು. ಅದರ ಕೊನೆಗೆ ಅವರ ಮನೆಯ ವಿಳಾಸವಿತ್ತು. ಆ ದಿನವೇ ಬುಧವಾರ.

"ಅವರ ಕಾಲೇಜಿನ ಮೇಲ್ ವಿಳಾಸ ಹೊಸದು, ಗುರುತು ಪಕ್ಕಾ ಮಾಡಿಸಿಲ್ಲ. ಅದಕ್ಕ ಅವು ಇಲ್ಲಿ ಬಿದ್ದಾವು," ಎಂದನು ಕಲ್ಯಾಣ್. "ನೀವು ಬರದದ್ದೂ ಅವರ ಕಡೆ ಹಿಂಗ ಬಿದ್ದಿರತಾವಮ್ಮಾ."

"ನಂದ್ಯಾಕ ಬೀಳತಾವಪ್ಪ? ನಮ್ಮ ಅಂಗಡಿ ಹೆಸರು ಅರವತ್ತು ವರ್ಷದ್ದು."

"ಹಬ್ಬಕ್ಕೊಮ್ಮೆ ಮುನ್ನೂರ ನಲವತ್ತು ಮಂದಿಗೆ ಒಂದೇ ಕಾಗದ ಒಂದೇ ಗಳಿಗ್ಯಾಗ ಬಿಟ್ಟೀರಿ. ಒಳಗ ಮಾತಿಗಿಂತ ಚಿತ್ರನ ದೊಡ್ಡದು. ಮ್ಯಾಲ 'ಲಕ್ಷ್ಮಿ ಮನಿಗೆ ಬರ್ತಾಳ' ಅಂತ ಬರದೀರಿ. ಲಾಟ್ರಿ ಕಳ್ಳರೂ ಹಿಂಗ ಬರೀತಾರ್ರಿ. ಅದರಾಗ ನಾಕು ಮಂದಿ 'ಇದು ಬ್ಯಾಡ' ಅಂತ ಗುಂಡಿ ಒತ್ತಿದ್ರು ಅಂದ್ರ ಮುಗೀತು. ನಿಮ್ಮ ಹೆಸರು ಕೆಟ್ಟ ಹೆಸರು."

"ಹಬ್ಬದ ಹಾರೈಕಿ ಬ್ಯಾಡಂತ ಯಾರು ಒತ್ತತಾರ?"

"ಯಾರರ ಒತ್ತಿರ್ತಾರಮ್ಮಾ. ಅದು ಗೊತ್ತಾಗಂಗಿಲ್ಲ."

ಆಗಲೇ ಚನ್ನವೀರಮ್ಮನವರು ಎದ್ದು ನಿಂತು, ಕಲ್ಯಾಣ್‌ನನ್ನಲ್ಲ, ಅವನ ಮುಂದಿದ್ದ ಯಂತ್ರವನ್ನು ನೋಡಿ, ಬೀದಿಯಲ್ಲಿ ಹೋಗುವವರು ನಿಂತು ಕೇಳುವಷ್ಟು ಗಟ್ಟಿಯಾಗಿ ನುಡಿದರು.

"ಕಳ್ಳನ್ನ ಹಿಡದ್ರ ಸುದ್ದಾ ಪೊಲೀಸರು ಯಾಕ ಹಿಡದೀವಿ ಅಂತ ಹೇಳ್ತಾರ. ನೀ ನನಗ ಒಂದು ಮಾತು ಹೇಳಲಿಲ್ಲ. ಹದಿನೆಂಟು ದಿನ ಆ ತಾಯಿ ಹೂಂ ಅಂದದ್ದನ್ನ ಬಗಲಾಗ ಇಟಗೊಂಡು ಕುಂತಿ. ನನ್ನ ಕಾಗದ ಅವರಿಗೆ ಕೊಡಲಿಲ್ಲ, ಅವರದು ನನಗ ಕೊಡಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಮರ್ಯಾದಿ ಇಲ್ಲದೋರು ಅಂದ್ಕೊಂಡು ಕುಂತೀವಿ. ನಿನ್ನ ನಮ್ಮ ನಡುವ ಕುಂಡ್ರು ಅಂದೋರ್ಯಾರು?"

ಶ್ರೀನಿವಾಸುಲು ಅವರು ತಲೆ ತಗ್ಗಿಸಿದ್ದರು. ಮೆಲ್ಲಗೆ, ತಮ್ಮಷ್ಟಕ್ಕೆ ತಾವೇ ಎಂಬಂತೆ ಹೇಳಿದರು: "ನಮ್ಮ ಇಲಾಖೆದಾಗ ಯಾರಿಗೂ ಮುಟ್ಟದ ಕಾಗದಕ್ಕೂ ಒಂದು ಆಫೀಸ್ ಇತ್ರಿ. ಅಲ್ಲೊಬ್ಬ ಕುಂತು, ಬಿಚ್ಚಿ ಓದಿ, ಕಳಿಸಿದೋರಿಗೆ ವಾಪಸ್ ಹಾಕತಿದ್ದ. ಇಲ್ಲಿ ಯಾರೂ ಇಲ್ಲೇನ್ರಿ?"

ಕಲ್ಯಾಣ್ ಇಲ್ಲವೆಂದು ತಲೆಯಾಡಿಸಿದನು. ಈಗ ಉತ್ತರ ಬರೆಯಲೇ ಎಂದು ಕೇಳಿದನು. ಬರೆದರೆ ಅದೂ ಅದೇ ಬಾವಿಗೆ ಬೀಳುತ್ತದೆಯೆಂದು ಚನ್ನವೀರಮ್ಮನವರು ಕೈಚೀಲವನ್ನೆತ್ತಿಕೊಂಡರು. ಹೂಂ ಬಂದಾಗಿದೆ; ಇನ್ನು ಹೊಸ್ತಿಲಿಗೆ ಹೋಗಲು ಅಡ್ಡಿಯಿಲ್ಲ. ದಾರಿಯಿಂದಲೇ ಕಿಷ್ಟಪ್ಪನಿಗೆ ಫೋನ್ ಮಾಡಿದರು. ಅವನು ಗಂಟುಗಳೊಡನೆ ಹೊರಟಾಗಿತ್ತು.

"ಕಾಗದ ಬಂದೈತಪ್ಪ, ನಿಲ್ಲು."

"ಅಕ್ಕಾರ, ನಿಮ್ಮ ಮಾತಿಗೆ ನಾ ಇಲ್ಲನ್ನಂಗಿಲ್ಲ. ಆದ್ರ ಈ ಸಲ ಕಣ್ಣೀಲೆ ನೋಡಬೇಕು. ಆರಕ್ಕ ಗಾಡಿ. ಅಲ್ಲೀತನಕ ಕೃಷ್ಣಾ ಸ್ಟೇಷನ್‌ದಾಗ ಕುಂತಿರ್ತೀವಿ."

ರಾಯಚೂರಿನಲ್ಲಿ ಶಿವಗಂಗಾ ಅವರ ಮನೆ ಸಿಕ್ಕಾಗ ಮಧ್ಯಾಹ್ನ ಎರಡೂವರೆ. ಬಾಗಿಲು ತೆರೆದವರು ಅವರೇ. ಗುರುತು ಹಿಡಿದರು, ನಗಲಿಲ್ಲ. ಚನ್ನವೀರಮ್ಮನವರು ಮೆಟ್ಟಿಲಿನ ಮೇಲೆಯೇ ನಿಂತರು.

"ಹೂಂ ನೀವು ಕೊಟ್ಟಿದ್ದು ಖರೇನೋ ಅಲ್ಲೋ, ಅಷ್ಟು ಬಾಯಿಲೆ ಹೇಳ್ರಿ ಯವ್ವಾ. ಆಮ್ಯಾಲ ಒಳಗ ಬರ್ತೀನಿ."

"ಮೂರು ಸಲ ಬರದೀನ್ರಿ," ಎಂದರು ಶಿವಗಂಗಾ. "ಒಂದಕ್ಕರ ಉತ್ತರ ಬರದೀರೇನು?"

"ಐದು ಬರದೀನಿ."

"ಒಂದೂ ಬಂದಿಲ್ಲ."

"ಸ್ಪ್ಯಾಮ್ ಅನ್ನೋ ಚೀಲ ಬಿಚ್ರಿ, ಮೇಡಮ್ಮಾರ," ಎಂದರು ಹಿಂದೆ ನಿಂತಿದ್ದ ಶ್ರೀನಿವಾಸುಲು. "ಅದು ನಮ್ಮದನ ಅಂತ. ನಾನೂ ಇವತ್ತ ಮುಂಜಾನಿ ಕಲತೀನಿ."

ಶಿವಗಂಗಾ ಅವರು ಅಲ್ಲಿಯೇ ನಿಂತು ಫೋನನ್ನು ತೆರೆದು ನೋಡಿದರು. ಐದೂ ಇದ್ದವು. ಅವುಗಳ ಜೊತೆಗೆ ಅರಿಶಿಣದ ಮೂಲೆಗಳ ಯುಗಾದಿಯ ಹಾರೈಕೆಯೂ ಇತ್ತು. ಅದನ್ನು ಓದುತ್ತಿದ್ದಂತೆ ಅವರ ಮುಖ ಬದಲಾಯಿತು. ಒಳಗೆ ಕರೆದು ಕೂರಿಸಿ, ನೀರು ಕೊಟ್ಟ ಮೇಲೆ ಹೇಳಿದರು.

"ಒಂದು ಮಾತು ಹೇಳಬೇಕ್ರಿ. ಹೋದ ದೀಪಾವಳಿಗೆ ಒಂದ ದಿನಕ್ಕ ಎಪ್ಪತ್ತು ಶುಭಾಶಯ ಬಂದಿದ್ದುವು. ಬ್ಯಾಂಕಿಂದು, ಕುಕ್ಕರ್ ಅಂಗಡಿದು, ಯಾರ್ಯಾರದೋ. ತಲಿ ಕೆಟ್ಟು, ಯಾರದಂತ ನೋಡದನ ಎಲ್ಲಾಕೂ 'ಬ್ಯಾಡ' ಅನ್ನೋ ಗುಂಡಿ ಒತ್ತಿದ್ದೆ. ಅದರಾಗ ನಿಮ್ಮದೂ ಇತ್ತು ಕಾಣತೈತಿ."

ಚನ್ನವೀರಮ್ಮನವರು ಲೋಟವನ್ನು ಕೆಳಗಿಟ್ಟರು. "ಒತ್ತಿದ್ದಕ್ಕ ಸಿಟ್ಟಿಲ್ಲ. ಓದಿ ಒತ್ತಿದ್ರ ಚಲೋ ಇತ್ತು."

 ಇನ್ನೊಂದು ಸಂಗತಿಯನ್ನೂ ಶಿವಗಂಗಾ ಹೇಳಲೇಬೇಕಾಗಿತ್ತು. ಕಾಲೇಜಿನ ಸಮಿತಿಯವರಿಗೆ ತಾಳ್ಮೆ ಉಳಿಯದೆ ಸೋಮವಾರವೇ ಅರ್ಧ ಸೀರೆಗಳನ್ನು ಬೇರೊಂದು ಊರಿನ ಅಂಗಡಿಗೆ ವಹಿಸಿಬಿಟ್ಟಿದ್ದರು. ಉಳಿದ ಅರ್ಧವನ್ನು ಇವತ್ತಿನವರೆಗೆ ತಡೆದು ಹಿಡಿದವರು ಶಿವಗಂಗಾ ಅವರೇ. ಆ ಎಳೆಯ ಹಸಿರು ಕಣ್ಣಿನಿಂದ ಹೋಗಿರಲಿಲ್ಲವಂತೆ. ಚನ್ನವೀರಮ್ಮನವರು ತಕರಾರು ಮಾಡಲಿಲ್ಲ. ಕಾಗದದ ಮೇಲೆ, ಕೈಬರಹದಲ್ಲಿ, ಇಪ್ಪತ್ನಾಲ್ಕು ಸೀರೆಗಳ ಹೂಂ ಬರೆದುಕೊಡಿರೆಂದು ಮಾತ್ರ ಕೇಳಿದರು. ಬರೆದದ್ದನ್ನು ಮಡಚುವ ಮೊದಲು, ಮಾದರಿಯ ಎಳೆಯನ್ನು ಕಾಗದದ ಮೂಲೆಗೆ ಶಿವಗಂಗಾ ತಾವೇ ಪೋಣಿಸಿ ಗಂಟು ಹಾಕಿದರು.

ಆರಕ್ಕೆ ಮೊದಲೇ ಬಸ್ಸಿಳಿದು ಇಬ್ಬರೂ ಮುಟ್ಟಿದಾಗ, ಕೃಷ್ಣಾ ಸ್ಟೇಷನ್ನಿನ ಬೇವಿನ ನೆರಳಿನಲ್ಲಿ ಗಂಟುಗಳ ಮೇಲೆ ಜನ ಕುಳಿತಿದ್ದರು. ಕಿಷ್ಟಪ್ಪನು ಎದ್ದು ಬಂದು ಕಾಗದವನ್ನು ತೆಗೆದುಕೊಂಡು, ಓದುವುದಕ್ಕಿಂತ ಮೊದಲು ಎಳೆಯನ್ನು ಬೆರಳಿನಲ್ಲಿ ಹೊಸೆದು ನೋಡಿದನು.

"ಮೂರ ಹಾಸು. ಆರಂದಿದ್ರಿ."

"ಆರ ಇತ್ತಪ್ಪ. ಮೂರನ್ನ ಸ್ಪ್ಯಾಮ್ ತಿಂತು."

"ಅದ್ಯಾರ್ರಿ?"

"ನಮ್ಮ ಮನಿ ಬಾಗಲ್ದಾಗ ನಿಂತಾಂವ," ಎಂದರು ಶ್ರೀನಿವಾಸುಲು. "ಪಗಾರಿಲ್ಲ, ರಜಾ ಇಲ್ಲ, ಕೇಳಿದ್ರ ಮಾತಿಲ್ಲ. ಬಂದೋರನ್ನ ಹೊರಗ ಹಾಕೋದೊಂದ ಕೆಲಸ."

ಕಿಷ್ಟಪ್ಪನು ನಗಲಿಲ್ಲ. ಮೂರು ಹಾಸಿನಿಂದ ಎರಡು ಮಗ್ಗ ನಡೆಯಲಾರವೆಂಬುದನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗುತ್ತೇದಾರ ಸುರೇಂದರ್ ದೂರದಲ್ಲಿ ಜನರನ್ನು ಎಣಿಸುತ್ತಿದ್ದನು. ಆಗ ಜಮ್ಮುಲಮ್ಮ ಗಂಡನ ಕೈಯಿಂದ ಕಾಗದವನ್ನು ತೆಗೆದುಕೊಂಡಳು.

"ಮೂರು ಹಾಸು ಒಂದು ಮಗ್ಗಕ್ಕ ಬೇಕಾದಷ್ಟು. ನಾ ಕುಂಡ್ರತೀನಿ. ಸಿಕ್ಕಿಸೋ ಅಂಚು ನನಗ ಬರತೈತಿ, ನಿನಗೆಲ್ಲಿ ಬರತೈತಿ? ನೀ ಹೋಗು, ದೀಪಾವಳಿಗೆ ಬಾ."

"ಇಬ್ಬರ ಹೆಸರು ಬರಸೀನಿ," ಎಂದನು ಹತ್ತಿರ ಬಂದ ಸುರೇಂದರ್.

"ಬರಸಿದ್ದನ್ನ ಹೊಡದ್ರ ಹೋಗತೈತಿ, ಸುರೇಂದರಣ್ಣ. ಮಗ್ಗ ಬಿಚ್ಚಿದ್ರ ಬರಂಗಿಲ್ಲ."

ಗಾಡಿ ಬಂದಾಗ ಕಿಷ್ಟಪ್ಪನು ಒಂದೇ ಗಂಟನ್ನು ಹೊತ್ತು ಏರಿದನು. ಇನ್ನೊಂದನ್ನು ಶ್ರೀನಿವಾಸುಲು ಅವರು ಬಸ್ಸಿನವರೆಗೆ ಹೊತ್ತು ತಂದರು.  ಮರುದಿನ ನೂಲು ಬಣ್ಣಕ್ಕೆ ಬಿದ್ದಿತು. ಕಿಷ್ಟಪ್ಪನ ಮಗ್ಗಕ್ಕೆ ಜಮ್ಮುಲಮ್ಮ ಹಳೆಯ ಸೀರೆಯೊಂದನ್ನು ಹೊದಿಸಿದಳು; ಬಿಚ್ಚಲಿಲ್ಲ.

ಶ್ರಾವಣ ಬಂದಾಗ ಶುಭಪತ್ರ ಯಂತ್ರದಿಂದ ಹೋಗಲಿಲ್ಲ. ಮುನ್ನೂರ ನಲವತ್ತು ಕಾರ್ಡುಗಳಿಗೆ ಅರಿಶಿಣ ಹಚ್ಚುವುದಕ್ಕೆ ಚನ್ನವೀರಮ್ಮನವರಿಗೆ ಒಂಬತ್ತು ದಿನ ಹಿಡಿಯಿತು. ವಿಳಾಸ ಬರೆಯುವುದಕ್ಕೆ ಶ್ರೀನಿವಾಸುಲು ಅವರಿಗೆ ಹನ್ನೊಂದು. ಮಿಂಚಂಚೆಯನ್ನು ಬಿಡಲಾಗಲಿಲ್ಲ. ಕಲ್ಯಾಣ್ ಏನೇನೋ ಸರಿಪಡಿಸಿಕೊಟ್ಟನು. ಕೆಲವು ಪತ್ರಗಳು ಸರಿಯಾದ ಜಾಗಕ್ಕೆ ಬಂದವು, ಕೆಲವು ಬರಲಿಲ್ಲ. ಹೀಗಾಗಿ ಶ್ರೀನಿವಾಸುಲು ಅವರು ಈಗ ವಾರದ ಆರು ದಿನವೂ ಮಕ್ತಲ್‌ನಿಂದ ಬರುತ್ತಾರೆ. ಮೊದಲು ಬಿಚ್ಚುವುದು ಆ ಚೀಲವನ್ನೇ. ಕೂದಲಿನ ಎಣ್ಣೆಯ ಕಾಗದವನ್ನೂ ಅವರು ಪೂರ್ತಿ ಓದಿದ ಮೇಲೆಯೇ ಅಳಿಸುತ್ತಾರೆ.

ಆಶ್ವಯುಜದ ಒಂದು ಮಧ್ಯಾಹ್ನ ಚನ್ನವೀರಮ್ಮನವರು ಕಾಗದವೊಂದನ್ನು ಹಿಡಿದು ಜಮ್ಮುಲಮ್ಮನ ಮನೆಗೆ ಬಂದರು. ಎರಡನೆಯ ಹಾಸು ಇಳಿದು, ಮೂರನೆಯದು ನಡೆಯುತ್ತಿತ್ತು. ರಾಯಚೂರಿನಿಂದ ಮಿಂಚಂಚೆ ಬಂದಿತ್ತು: ಹದಿನಾರು ಸೀರೆಗಳೂ ಮುಟ್ಟಿದವು, ಎರಡೂ ಕಡೆಯ ಸೀರೆಗಳನ್ನು ಪಕ್ಕದಲ್ಲಿಟ್ಟು ನೋಡಿದ ಸಮಿತಿಯವರು, ಬರುವ ವರ್ಷ ವಿದ್ಯಾರ್ಥಿನಿಯರ ಸೀರೆಗಳಿಗೆ ಆರು ಹಾಸನ್ನು ನಿಮ್ಮಲ್ಲೇ ಹೇಳಬೇಕೆಂದು ತೀರ್ಮಾನಿಸಿದ್ದಾರೆ, ಒಪ್ಪಿಗೆಯೇ? ಚನ್ನವೀರಮ್ಮನವರು ಅದನ್ನು ಮಗ್ಗದ ಬದಿಗೆ ಕುಳಿತು ಓದಿ ಹೇಳಿದರು.

ಜಮ್ಮುಲಮ್ಮ ಲಾಳಿಯನ್ನು ನಿಲ್ಲಿಸದೆ ಕೇಳಿದಳು, "ಯಾವತ್ತ ಬಂದಿತ್ರಿ?"

"ಶನಿವಾರ ರಾತ್ರಿ. ನಿನ್ನೆ ಐತವಾರ, ಮಾಸ್ತರು ಬಂದಿಲ್ಲ."

"ಎಲ್ಲಿತ್ತು?"

"ಅಲ್ಲೇ, ಆ ಚೀಲದಾಗ."

 ಜಮ್ಮುಲಮ್ಮ ಪಕ್ಕದ ಮಗ್ಗಕ್ಕೆ ಹೊದಿಸಿದ್ದ ಹಳೆಯ ಸೀರೆಯ ಕಡೆಗೆ ಒಮ್ಮೆ ನೋಡಿ, "ಹೂಂ ಅಂತ ಕಾಗದದ ಮ್ಯಾಲ ಬರದು, ನೀವ ಹೋಗಿ ಕೊಟ್ಟು ಬರ್ರಿ, ಅಕ್ಕಾರ," ಎಂದು ಮುಂದಿನ ಎಳೆಯನ್ನು ಸಿಕ್ಕಿಸಿದಳು.